ನಾಲ್ಕೆಸಳಿನ ಗುಂಡು

ಹದಿನೇಳು ವರ್ಷ ಅರ್ಜಿ ಹಾಕಿ ಹಾಕಿ ಕೊನೆಗೂ ಮೆನಿ ಎಚೆಪಾರ್‌ಗೆ ಎಲ್ಕ್ ಎಂಬ ದೊಡ್ಡ ಕಾಡುಜಿಂಕೆಯ ಬೇಟೆಗೆ ಸರ್ಕಾರದ ಪರವಾನಗಿ ಚೀಟಿ ಬಂತು. ಗಂಡು ಎಲ್ಕ್ ಒಂದು, ಕ್ರೇನ್ ಕಣಿವೆ, ಅಕ್ಟೋಬರ್ ತಿಂಗಳು. ಅಂಚೆಯವಳು ಲಕೋಟೆ ಕೊಟ್ಟದ್ದು ಬೆಳಿಗ್ಗೆ. ಮಧ್ಯಾಹ್ನದ ಹೊತ್ತಿಗೆ ಮೆನಿ ಯಾವ ಕೋವಿ ಹಿಡಿಯಬೇಕು, ಯಾವ ಬಂಡೆಯ ಮೇಲೆ ಮಲಗಬೇಕು, ತೋಟಾದ ಮೂತಿಗೆ ಯಾವ ಗುಂಡು ಕೂರಿಸಬೇಕು ಎಂದು ಊರು ತೀರ್ಮಾನ ಮಾಡಿ ಮುಗಿಸಿತ್ತು. ಆಕೆಯನ್ನು ಕೇಳುವುದೊಂದು ಬಾಕಿ ಇತ್ತು. ಅದನ್ನು ಯಾರೂ ಮಾಡಲಿಲ್ಲ.

ಅರವತ್ತೊಂಬತ್ತು ವರ್ಷದ ಹೆಂಗಸು. ಎಡ ಸೊಂಟದಲ್ಲಿ ಉಕ್ಕಿನ ಕೀಲು. ಇನ್ನೊಂದು ಹದಿನೇಳು ವರ್ಷ ಕಾಯುವ ಮಾತೇ ಇಲ್ಲ. ಇದು ಮೊದಲನೆಯದು, ಇದೇ ಕೊನೆಯದು. ಮೇಲಾಗಿ ಎಚೆಪಾರ್ ಮನೆಯಲ್ಲಿ ಒಂದು ಕಟ್ಟುಪಾಡು ಇತ್ತು. ಹೊಡೆದ ಪ್ರಾಣಿಯ ರಕ್ತ ನೆಲಕ್ಕೆ ಬಿತ್ತೋ, ಚೀಟಿ ಮುಗಿಯಿತು. ಪ್ರಾಣಿ ಸಿಕ್ಕರೂ ಸರಿ, ಗಾಯಗೊಂಡು ಕಾಡು ಸೇರಿದರೂ ಸರಿ, ಚೀಟಿಯನ್ನು ಒಲೆಗೆ ಹಾಕಬೇಕು. ಸರ್ಕಾರದ ಕಾನೂನು ಹಾಗೆ ಹೇಳುವುದಿಲ್ಲ. ಆ ಮನೆಯವರು ಮಾತ್ರ ಹಾಗೆ ಮಾಡುತ್ತಾರೆ.

ರಸ್ ಹ್ಯಾವರ್‌ಮನ್‌ನ ಅಂಗಡಿಯಲ್ಲಿ ಬೇಲಿ ತಂತಿ, ಮೊಳೆ, ಕುರಿಯ ಔಷಧಿ, ಕೋವಿ ಎಲ್ಲ ಒಂದೇ ಸೂರಿನಡಿ. ಗಲ್ಲಾದ ಹಿಂದಿನ ಗೋಡೆಗೆ ಒಂದು ದೊಡ್ಡ ಹಲಗೆ. ದೂರದ ಈಡು ಹೊಡೆದವರ ಹೆಸರುಗಳನ್ನು ಹಿತ್ತಾಳೆ ತಗಡಿನಲ್ಲಿ ಕೊರೆದು ಅಲ್ಲಿ ಜಡಿದಿದ್ದಾರೆ. ಎಲ್ಲಕ್ಕಿಂತ ಮೇಲಿನ ತಗಡು ಮೆನಿಯ ಗಂಡನದು: ಮಾರ್ಟಿನ್ ಎಚೆಪಾರ್, 512 ಗಜ, 1993. ಅದರ ಕೆಳಗೆ, ಆ ಎಲ್ಕ್‌ನ ಮೈಯಿಂದ ಕಿತ್ತು ತೆಗೆದ ಗುಂಡು, ಗಾಜಿನ ಡಬ್ಬಿಯಲ್ಲಿ. ಮಾರ್ಟಿನ್ ಸತ್ತು ಒಂಬತ್ತು ವರ್ಷವಾಗಿತ್ತು. ತಗಡಿನ ಹೊಳಪು ಮಾತ್ರ ಕಡಿಮೆಯಾಗಿರಲಿಲ್ಲ, ರಸ್ ವಾರಕ್ಕೊಮ್ಮೆ ಉಜ್ಜುತ್ತಿದ್ದ.

"ಯೋಚ್ನೆನೇ ಬೇಡ ಮೇಡಂ," ರಸ್ ಗಲ್ಲಾದ ಮೇಲೆ ಒಂದು ಪೆಟ್ಟಿಗೆ ಇಟ್ಟ. "ಅಪ್ಪಟ ತಾಮ್ರ. ನೂರ ನಲವತ್ತು ಗ್ರೇನ್ ತೂಕ. ಮಾರ್ಟಿನ್ ಹೊಡ್ದಿದ್ದು ಇದೇ ಗುಂಡಲ್ಲಿ, ನಿಮ್ ಕೈಲಿರೋ ಕೋವಿನೂ ಅದೇ. ಅವ್ರು ಐನೂರ ಹನ್ನೆರಡರಲ್ಲಿ ಕೆಡವಿದ್ರು. ನಿಮಗೆ ಬರೀ ನಾನೂರ ಇಪ್ಪತ್ತು. ಅದ್ಯಾವ ಲೆಕ್ಕ ಹೇಳಿ?"

ಕಣಿವೆಯ ಅಂಚಿನಲ್ಲಿರುವ ಮಾರ್ಟಿನನ ಬಂಡೆಯಿಂದ, ಎಲ್ಕ್‌ಗಳು ಬೆಳಿಗ್ಗೆ ಮೇಯಲು ಬರುವ ಎದುರಿನ ಹುಲ್ಲುಹಾಸಿಗೆ ನಾನೂರ ಇಪ್ಪತ್ತು ಗಜ. ಉಕ್ಕಿನ ಸೊಂಟ ಹೊತ್ತವಳು ಕಣಿವೆಗೆ ಇಳಿದು ಹತ್ತುವ ಹಾಗಿಲ್ಲ. ಬಂಡೆಯ ಮೇಲಿಂದಲೇ ಹೊಡೆಯಬೇಕು, ಎಲ್ಲರ ಮಾತೂ ಅದೇ.

"ತಾಮ್ರ ಬೇಡ ಇಸೆಬಾ, ಈ ಉದ್ದದ್ದು ತಗೋ," ಎಂದ ಪೆಲ್ಲೋ. ಅವನು ಮಾರ್ಟಿನನ ತಮ್ಮನ ಮಗ. ಯುರೋಪಿನಿಂದ ಕುರಿ ಕಾಯಲು ಬಂದು ನೆಲೆಸಿದ ಬಾಸ್ಕರ ಮನೆಗಳಲ್ಲಿ ಚಿಕ್ಕಮ್ಮ, ದೊಡ್ಡಮ್ಮ, ಅತ್ತೆ ಎಲ್ಲರೂ ಇಸೆಬಾಗಳೇ. "ಗಾಳಿ ಇದನ್ನ ಮುಟ್ಟೋದೇ ಇಲ್ಲ. ಸೂಜಿ ಪೋಣಿಸಿದ ಹಾಗೆ ಹೋಗುತ್ತೆ. ಇಲ್ಲಾಂದ್ರೆ ನನ್ನ ಮ್ಯಾಗ್ನಮ್ ಕೋವಿನೇ ತಗೊಂಡ್ ಹೋಗು."

"ನಿನ್ನ ಮ್ಯಾಗ್ನಮ್ ಹೊಡೆದ್ರೆ ಎಲ್ಕ್‌ಗಿಂತ ಮುಂಚೆ ನಾನು ಬೀಳ್ತೀನಿ. ಕತ್ತೆ ಒದ್ದ ಹಾಗೆ ಒದೆಯುತ್ತೆ ಅದು."

ಪೆಲ್ಲೋ ಪರವೂರಿನವರನ್ನು ಬೇಟೆಗೆ ಕರೆದೊಯ್ಯುವ ಬಿಡಾರ ನಡೆಸುತ್ತಿದ್ದ. ಅದರ ಹೆಸರು 'ಫೈವ್-ಟ್ವೆಲ್ವ್ ಕ್ಯಾಂಪ್'. ದೊಡ್ಡಪ್ಪನ ಐನೂರ ಹನ್ನೆರಡೇ ಅವನ ಬಂಡವಾಳ. ಮೂವತ್ತು ವರ್ಷದ ನಂತರ ಅದೇ ಬಂಡೆ, ಅದೇ ಕೋವಿ, ಮಾರ್ಟಿನನ ಹೆಂಡತಿ: ಫೋಟೋ ಎಲ್ಲಿ ನೇತುಹಾಕಬೇಕು ಎಂಬುದನ್ನೂ ಅವನು ಗೊತ್ತುಮಾಡಿದ್ದ.

ಒಲೆಯ ಪಕ್ಕದ ಕುರ್ಚಿಯಲ್ಲಿ ಆರ್ವಿಲ್ ಸ್ಟಾಕ್ ಕೂತಿದ್ದ. ಆರಡಿ ಐದಂಗುಲದ ಮುದುಕ, ಮಾರ್ಟಿನನ ಹಳೆಯ ಬೇಟೆಯ ಜೊತೆಗಾರ. ಪ್ರಪಂಚದ ಎಲ್ಲ ವಿಷಯಕ್ಕೂ ಬಾಯಿ ಹಾಕುವವನು ಅವತ್ತು ಕಾಫಿ ಲೋಟದೊಳಗೇ ನೋಡುತ್ತಿದ್ದ.

ಮೆನಿ ಕಪಾಟಿನತ್ತ ಬೆರಳು ತೋರಿಸಿದಳು. "ಆ ಮೂರನೇದು ಏನು?"

"ಅದಾ? ಒಳಗೆ ಸೀಸ, ಹೊರಗೆ ತಾಮ್ರದ ಕವಚ, ಎರಡನ್ನೂ ಬೆಸೆದಿರ್ತಾರೆ. ತುದೀಲಿ ಪ್ಲಾಸ್ಟಿಕ್ ಮೂತಿ." ರಸ್ ಮೂಗು ಮುರಿದ. "ನಿಮ್ಮಂಥ ಕೋವೀಲಿ ಅಷ್ಟು ಸೊಗಸಾಗಿ ಗುಂಪು ಕೂರಲ್ಲ ಮೇಡಂ, ಒಂದೊಂದು ಒಂದೊಂದು ಕಡೆ ಬೀಳುತ್ತೆ. ಯಾರೂ ಕೇಳಲ್ಲ ಅದನ್ನ."

"ಮೂರರದ್ದೂ ಒಂದೊಂದು ಪೆಟ್ಟಿಗೆ ಕೊಡು."

"ಮೂರೂ ಯಾಕೆ?"

"ಕೇಳಿ ನೋಡ್ತೀನಿ. ನಿನ್ನನ್ನಲ್ಲ, ಗುಂಡನ್ನ."

ಮೆನಿಯ ಕೋವಿ ಸೆವೆನ್-ಓ-ಎಯ್ಟ್ ಎಂಬ ಅಳತೆಯದು. ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಮಾರ್ಟಿನ್ ಅದನ್ನು 'ನಡುವಿನ ಮಗಳು' ಎಂದು ಕರೆಯುತ್ತಿದ್ದ. ಹಟವಿಲ್ಲ, ಅಬ್ಬರವಿಲ್ಲ, ಹೇಳಿದ ಕೆಲಸ ಮಾಡಿಕೊಂಡು ಹೋಗುತ್ತದೆ. ಆದರೆ ಕುದುರೆಯ ಜೀನಿಗೆ ಸಿಕ್ಕಿಸುವಾಗ ತಡೆಯುತ್ತದೆಂದು ಅದರ ನಳಿಗೆಯನ್ನು ಕುರಿ ಕಾಯುವ ಕಾಲದಲ್ಲೇ ನಾಲ್ಕಿಂಚು ಕತ್ತರಿಸಿದ್ದ. ನಳಿಗೆ ಗಿಡ್ಡವಾದರೆ ಗುಂಡಿನ ವೇಗವೂ ಕುಗ್ಗುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುವ ವೇಗ ಯಾವುದೋ ಕಾರ್ಖಾನೆಯ ಉದ್ದ ನಳಿಗೆಯದು. ಕುರುಬನ ಗಿಡ್ಡ ಕೋವಿಗೆ ಆ ಲೆಕ್ಕ ಹೊಂದುವುದಿಲ್ಲ ಎಂಬುದು ಆ ಊರಿನಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಹೊಳೆಯಲು ಅವಕಾಶವಾದರೂ ಎಲ್ಲಿತ್ತು? ತಲೆಯ ಮೇಲೆ ಐನೂರ ಹನ್ನೆರಡು ನೇತಾಡುತ್ತಿತ್ತಲ್ಲ.

ಅಡುಗೆಮನೆಯ ಮೇಜಿನ ಮೇಲೆ ಕೂತು ಮೆನಿ ತಾನೇ ತೋಟಾ ತುಂಬಿದಳು. ಮದ್ದು ತೂಗಿ ಸುರಿದು, ಗುಂಡು ಕೂರಿಸಿ, ಒಂದೊಂದು ಬಗೆಗೂ ಬೇರೆ ಬೇರೆ ಬಣ್ಣದ ಉಗುರುಬಣ್ಣದ ಚುಕ್ಕೆ ಇಟ್ಟಳು. ಎರಡು ವರ್ಷದ ಹಳೆಯ ವಾರಪತ್ರಿಕೆಗಳನ್ನೆಲ್ಲ ಹುಲ್ಲು ಕಟ್ಟುವ ಹುರಿಯಿಂದ ದಿಂಡು ಕಟ್ಟಿ ಕುರಿಗಳ ನೀರಿನ ತೊಟ್ಟಿಯಲ್ಲಿ ಎರಡು ದಿನ ನೆನೆಹಾಕಿದಳು. ನೆಂದ ಕಾಗದ ಹೆಚ್ಚುಕಡಿಮೆ ಮಾಂಸದ ಹಾಗೇ ಗುಂಡನ್ನು ತಡೆಯುತ್ತದೆ. ದಿಂಡುಗಳನ್ನು ಹೊರಲು ಪೆಲ್ಲೋ ಬಂದ. ಬಾ ಎಂದು ಕರೆದದ್ದಲ್ಲ, ಬರಲೇಬೇಕೆಂದು ಫೋನಿನಲ್ಲಿ ಅಪ್ಪಣೆಯಾಗಿತ್ತು.

"ಇದರಲ್ಲಿ ದೊಡ್ಡಪ್ಪನ ಫೋಟೋ ಇದೆಯಲ್ಲ!" ಒಂದು ದಿಂಡಿನ ಮೇಲ್ಪುಟ ನೋಡಿ ಪೆಲ್ಲೋ ಗಾಬರಿಯಾದ. "ಅವರ ನೆನಪಿನ ಶೂಟಿಂಗ್ ಪಂದ್ಯದ ಸಂಚಿಕೆ ಇದು. ಇದಕ್ಕೇ ಹೊಡೀತೀಯಾ?"

"ಬದುಕಿದ್ದಾಗ ಹೊಡೀಬೇಕು ಅಂತ ಎಷ್ಟೋ ಸಲ ಅನ್ಸಿತ್ತು. ಒದ್ದೆ ಆಗಿದೆ, ಹುಷಾರಾಗಿ ಹಿಡ್ಕೋ."

ಮೊದಲು ವೇಗ ಅಳೆದರು. ಪೆಲ್ಲೋನ ಯಂತ್ರ ಸೆಕೆಂಡಿಗೆ ಎರಡು ಸಾವಿರದ ಆರುನೂರ ನಲವತ್ತು ಅಡಿ ಎಂದಿತು. ಪೆಟ್ಟಿಗೆಯ ಮೇಲೆ ಇದ್ದದ್ದು ಎರಡು ಸಾವಿರದ ಎಂಟುನೂರು. ಪೆಲ್ಲೋ ಯಂತ್ರವನ್ನು ಅಲ್ಲಾಡಿಸಿದ, ಬ್ಯಾಟರಿ ತೆಗೆದು ಹಾಕಿದ. ಯಂತ್ರ ಮಾತು ಬದಲಿಸಲಿಲ್ಲ.

ಆಮೇಲೆ ಹುಲ್ಲಿನ ಪೆಂಡಿಗೆ ಒರಗಿ, ಒಂದೊಂದು ಬಗೆಯ ಗುಂಡನ್ನೂ ಮೂರು ದೂರದಲ್ಲಿ ಹೊಡೆದಳು. ಐವತ್ತು ಗಜ, ನೂರೈವತ್ತು ಗಜ, ನಾನೂರ ಇಪ್ಪತ್ತು ಗಜ.

ಪೆಲ್ಲೋ ಮೆಚ್ಚಿದ ಉದ್ದನೆಯ ಗುಂಡು ದೂರದಲ್ಲಿ ನಿಜಕ್ಕೂ ಸೊಗಸು. ಮೂರು ತೂತುಗಳನ್ನೂ ಒಂದು ಅಂಗೈಯಲ್ಲಿ ಮುಚ್ಚಬಹುದಿತ್ತು. ಹತ್ತಿರದಲ್ಲಿ ಹೊಡೆದಾಗ ಮಾತ್ರ ಕಾಗದದ ಮೊದಲ ನಾಲ್ಕಿಂಚಿನಲ್ಲೇ ಒಡೆದು ಪುಡಿಪುಡಿಯಾಯಿತು. ಮೆನಿ ಚೂರುಗಳನ್ನು ಅಂಗೈಗೆ ಸುರಿದುಕೊಂಡು ತೋರಿಸಿದಳು.

"ಭುಜದ ಮೂಳೆಗೆ ಬಿದ್ರೆ ಇದು ಅಲ್ಲೇ ಹುಡಿ ಆಗುತ್ತೆ. ಎಲ್ಕ್ ಮೂರು ಕಾಲಲ್ಲಿ ಓಡ್ಹೋಗುತ್ತೆ."

"ಹತ್ರದಲ್ಲಿ ಯಾರು ಹೊಡೀತಾರೆ? ಬಂಡೆಯಿಂದ ತಾನೆ ಹೊಡೆಯೋದು?"

"ನಾನು ಬಂಡೆ ಮೇಲಿರ್ತೀನಿ ಅಂತ ಎಲ್ಕ್‌ಗೆ ಕಾಗದ ಬರ್ದಿದ್ದೀಯಾ?"

ತಾಮ್ರದ ಗುಂಡಿನ ಸರದಿ ಬಂತು. ನಾನೂರ ಇಪ್ಪತ್ತು ಗಜದ ದಿಂಡಿನಲ್ಲಿ ಪೆನ್ಸಿಲ್ ತೂರಿಸಿದಂಥ ತೂತು. ಮೊದಲ ಪುಟದಿಂದ ಕೊನೆಯ ಪುಟದ ತನಕ ಒಂದೇ ಅಳತೆ. ಹಿಂದಿನ ಮಣ್ಣುದಿಬ್ಬ ಅಗೆದು ಗುಂಡನ್ನು ಹೊರತೆಗೆದರು. ಈಗಷ್ಟೇ ಪೆಟ್ಟಿಗೆಯಿಂದ ತೆಗೆದ ಹಾಗಿತ್ತು. ಆಕಳಿಸಲೋ ಬೇಡವೋ ಎಂಬಂತೆ ಮೂತಿ ಒಂಚೂರು ತೆರೆದಿತ್ತು, ಅಷ್ಟೇ. ಇಂಥದ್ದು ಎಲ್ಕ್‌ನ ಎದೆಯಲ್ಲಿ ಹೊಕ್ಕು ಹೊರಟರೆ ಪ್ರಾಣಿ ಅಂದು ಸಾಯುವುದಿಲ್ಲ. ನಾಲ್ಕು ದಿನ ಕಳೆದು ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ. ಅಂಥದೊಂದನ್ನು ಮೆನಿ ಹಿಂದೊಮ್ಮೆ ಕಂಡಿದ್ದಳು. ವಾಸನೆ ಹಿಡಿದು ಹುಡುಕಬೇಕಾಗಿ ಬಂದಿತ್ತು.

"ಕಾಗದ ಬೇರೆ ಇಸೆಬಾ, ಎಲ್ಕ್ ಬೇರೆ," ಎಂದ ಪೆಲ್ಲೋ.

"ಬೇರೆನೇ. ಕಾಗದಕ್ಕೆ ನೋವಾಗಲ್ಲ."

ನೂರೈವತ್ತು ಗಜದ ದಿಂಡಿನೊಳಗೆ ಸಿಕ್ಕ ತಾಮ್ರದ ಗುಂಡನ್ನು ಅಂಗಿಯಲ್ಲಿ ಒರೆಸಿ ಎತ್ತಿ ಹಿಡಿದ ಮೆನಿ ಅದನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ವೇಗ ಇದ್ದಾಗ ತಾಮ್ರ ಹೇಗೆ ಅರಳಬೇಕೋ ಹಾಗೆ ಅರಳಿತ್ತು. ಮೂತಿ ಸೀಳಿ, ನಾಲ್ಕು ಎಸಳು ಬೆನ್ನಿನ ತನಕ ಮಡಿಚಿಕೊಂಡು, ನಡುವೆ ಒಂದು ಮೊಂಡು ತೊಟ್ಟು. ಇದೇ ಆಕಾರವನ್ನು ಆಕೆ ಮೂವತ್ತು ವರ್ಷದಿಂದ ನೋಡುತ್ತ ಬಂದಿದ್ದಳು. ಪ್ರತಿ ಸಲ ಬೇಲಿ ಮೊಳೆ ಕೊಳ್ಳಲು ಹೋದಾಗಲೂ ನೋಡುತ್ತಿದ್ದಳು, ಗಾಜಿನ ಡಬ್ಬಿಯಲ್ಲಿ.

"ಏನಾಯ್ತು?" ಎಂದ ಪೆಲ್ಲೋ.

"ನಿಮ್ಮ ದೊಡ್ಡಪ್ಪ ಸುಳ್ಳು ಹೇಳಿದ್ದಾನೆ ಕಣೋ."

ಮೂರನೆಯ ಗುಂಡನ್ನು ಆಕೆ ಆ ಸಿಟ್ಟಿನಲ್ಲೇ ಹೊಡೆದಳು. ಬೆಸುಗೆಯ ಸೀಸದ್ದು. ಹತ್ತಿರದಲ್ಲಿ ಹೊಡೆದದ್ದು ಜಜ್ಜಿದ ಅಣಬೆಯಂತಾಗಿತ್ತು, ಆದರೆ ಒಡೆದಿರಲಿಲ್ಲ. ದೂರದಲ್ಲಿ ಹೊಡೆದದ್ದು ಹೆಬ್ಬೆರಳಿನ ತುದಿಯಷ್ಟು ಅಗಲಕ್ಕೆ ಅರಳಿತ್ತು. ಎರಡು ಕಡೆಯೂ ಕೆಲಸ ಮಾಡಿತು. ಆದರೆ ರಸ್ ಹೇಳಿದ್ದೂ ನಿಜ. ಗುಂಪು ಸೊಗಸಾಗಿ ಕೂರಲಿಲ್ಲ. ಮುಂದಿನ ನಾಲ್ಕು ದಿನ ಮೆನಿ ಅದೊಂದನ್ನೇ ಹೊಡೆದಳು. ಎಲ್ಕ್‌ನ ಎದೆಗೂಡು ಎಷ್ಟೋ ಅಷ್ಟಗಲದ ಒಂದು ರೊಟ್ಟಿ ಹೆಂಚು ನೇತುಹಾಕಿ ಹೊಡೆದಳು. ಮುನ್ನೂರ ಎಂಬತ್ತು ಗಜದ ತನಕ ಐದಕ್ಕೆ ಐದೂ ಹೆಂಚಿಗೆ ಬಿದ್ದು ಟಣ್ ಎಂದವು. ನಾನೂರು ದಾಟಿದರೆ ಐದರಲ್ಲೊಂದು ಹೊರಗೆ. ಕೋವಿಯ ಹಿಡಿಕೆಗೆ ಬಿಳಿ ಪ್ಲಾಸ್ಟರ್ ಅಂಟಿಸಿ 380 ಎಂದು ಬರೆದಳು. ತನ್ನ ಕೈ, ಈ ಗಿಡ್ಡ ಕೋವಿ, ಈ ಗುಂಡು, ಮೂರೂ ಸೇರಿ ಮುಟ್ಟುವ ಗಡಿ ಅದು. ಅದಕ್ಕೆ ಒಂದು ಗಜವನ್ನೂ ಊರಿನವರ ಮಾತಿಗೆ ಸೇರಿಸುವವಳಲ್ಲ.

ಶನಿವಾರ ಬೆಳಿಗ್ಗೆ ರಸ್‌ನ ಗಲ್ಲಾದ ಮೇಲೆ ಎರಡು ತಾಮ್ರದ ಗುಂಡು ಟಪಟಪ ಬಿದ್ದವು.

"ಇದು ನೂರೈವತ್ತು ಗಜದ್ದು. ಇದು ನಾನೂರ ಇಪ್ಪತ್ತರದ್ದು," ಎಂದಳು ಮೆನಿ. "ಈಗ ಆ ಡಬ್ಬಿ ಇಳಿಸು."

ರಸ್ ಎರಡನ್ನೂ ನೋಡಿದ. ತಿರುಗಿ ಡಬ್ಬಿಯನ್ನು ನೋಡಿದ. ಅರ್ಥವಾಯಿತು. ಆದರೂ ಕೈ ಎತ್ತಲಿಲ್ಲ. "ಇದೆಲ್ಲ ಯಾಕೆ ಮೇಡಂ? ತೀರಿಹೋದವರ ವಿಷಯ. ಅದೂ ನೀವೇ ಎತ್ತೋದಾ? ಊರು ಏನನ್ನುತ್ತೆ?"

"ಊರು ಮೂವತ್ತು ವರ್ಷ ಅಂದಿದ್ದು ಸಾಕು. ಇಳಿಸ್ತೀಯೋ, ನಾನೇ ಗಲ್ಲಾ ಹತ್ತಲೋ? ಬಿದ್ದು ಇನ್ನೊಂದು ಸೊಂಟ ಮುರಿದ್ರೆ ನಿನ್ನ ಅಂಗಡಿಯಲ್ಲೇ ಮಲಗ್ತೀನಿ."

"ಐನೂರ ಹನ್ನೆರಡು ಗಜದಲ್ಲಿ ಅರಳಲ್ಲ ಅಂತ ಹೇಗೆ ಹೇಳ್ತೀಯಾ?" ಪೆಲ್ಲೋ ನಡುವೆ ಬಂದ. "ಆವತ್ತಿನ ಹವೆ, ಆವತ್ತಿನ ಮದ್ದು..."

"ಬಂಡೆಯಿಂದ ಆ ಹುಲ್ಲುಹಾಸು ನಾನೂರ ಇಪ್ಪತ್ತೇ ಇರೋದು. ಐನೂರ ಹನ್ನೆರಡು ಎಲ್ಲಿಂದ ಬಂತು ಅಂತ ನಿಮ್ಮಲ್ಲಿ ಒಬ್ಬನಾದ್ರೂ ಕೇಳಿದ್ನಾ?"

"ಎಲ್ಕ್ ಇನ್ನೂ ಮೇಲಿತ್ತೇನೋ ಅಂದ್ಕೊಂಡ್ವಿ," ಎಂದ ರಸ್.

ಆಗ ಒಲೆಯ ಪಕ್ಕದ ಕುರ್ಚಿ ಕಿರುಗುಟ್ಟಿತು. ಆರ್ವಿಲ್ ಕಾಫಿ ಲೋಟವನ್ನು ನೆಲದ ಮೇಲಿಟ್ಟ.

"ಐನೂರ ಹನ್ನೆರಡು ನನ್ನದು," ಎಂದ.

"ಏನು ನಿನ್ನದು?"

"ಲೆಕ್ಕ. ಅದು ಗಜ ಅಲ್ಲ ಮೆನಿ. ಹೆಜ್ಜೆ. ನನ್ನ ಹೆಜ್ಜೆ." ಆರ್ವಿಲ್ ತನ್ನ ಉದ್ದದ ಕಾಲುಗಳನ್ನು, ಅವೇ ತಪ್ಪು ಮಾಡಿದವೇನೋ ಎಂಬಂತೆ ನೋಡಿಕೊಂಡ. "ಬಂಡೆ ಮೇಲಿದ್ದಿದ್ದು ನಾನು, ಕುದುರೆಗಳನ್ನ ಹಿಡ್ಕೊಂಡು. ಮಾರ್ಟಿನ್ ಕೆಳಗಿದ್ದ. ಬೆಳಗಾಗೋಕೆ ಮುಂಚೆನೇ ಆ ಜೂನಿಪರ್ ಪೊದೆಗಳ ಕೊರಕಲಲ್ಲಿ ಇಳಿದು ಹೋಗಿದ್ದ. ಹೊಟ್ಟೆ ಮೇಲೆ ತೆವಳಿಕೊಂಡು ಮೂರು ಗಂಟೆ. ನಾನು ದುರ್ಬೀನಲ್ಲಿ ನೋಡ್ತಾನೇ ಇದ್ದೆ. ಒಂದ್ಸಲ ಹೆಣ್ಣು ಎಲ್ಕ್ ತಲೆ ಎತ್ತಿತು, ಅವನು ಕಲ್ಲಾಗಿಬಿಟ್ಟ. ಅರ್ಧ ಗಂಟೆ ಅಲ್ಲಾಡಲಿಲ್ಲ, ಮುಖದ ಮೇಲೆ ಇರುವೆ ಹರಿದ್ರೂ ಕೂಡ. ಈಡು ಹೊಡೆದ ಮೇಲೆ ಬಂಡೆಯಿಂದ ಎಲ್ಕ್ ತನಕ ಹೆಜ್ಜೆ ಹಾಕಿದೆ. ಕಣಿವೆ ಇಳಿದು ಹತ್ತಿ ಐನೂರ ಹನ್ನೆರಡು. ಸಾಯಂಕಾಲ ಇಲ್ಲೇ ಬಂದು, ಬಂಡೆಯಿಂದ ಐನೂರ ಹನ್ನೆರಡು ಕಣ್ರೋ ಅಂದೆ. ಎಲ್ಕ್ ಹೊತ್ತು ತರೋದು ಎಷ್ಟು ಕಷ್ಟ ಆಯ್ತು ಅಂತ ಹೇಳೋಕೆ ಅಂದಿದ್ದು. ಯಾರೋ ಗಜ ಅಂದ್ರು. ಯಾರೋ ವ್ಹಿಸ್ಕಿ ಕೊಡಿಸಿದ್ರು. ಮಾರನೇ ವಾರ ರಸ್‌ನ ಅಪ್ಪ ತಗಡು ಹೊಡೆಸಿದ್ರು."

"ಮಾರ್ಟಿನ್ ಏನಂದ?"

"ಏನೂ ಅನ್ನಲಿಲ್ಲ. ಬಾಯಿ ತೆರೆದ, ಮತ್ತೆ ಮುಚ್ಚಿದ. ಆ ಕಾಲದಲ್ಲಿ ದನದವರು ನಿಮ್ಮನ್ನೆಲ್ಲ ಏನಂತಿದ್ರು, ನೆನಪಿದೆಯಲ್ಲ? ಕುರಿಯವರು ಹುಟ್ಟೋದೂ ತೆವಳ್ತಾ, ಸಾಯೋದೂ ತೆವಳ್ತಾ ಅಂತ. ಅವತ್ತು ಅವರೇ ಅವನನ್ನ ಹೆಗಲ ಮೇಲೆ ಎತ್ಕೊಂಡ್ರು."

"ಅವನು ಹೊಡೆದ ಜಾಗದಿಂದ ಎಲ್ಕ್ ಎಷ್ಟು ದೂರ?"

"ಖಾಲಿ ತೋಟಾ ಬಿದ್ದಿದ್ದ ಕಡೆಯಿಂದ ನೂರ ಮೂವತ್ತೊಂದು."

ಮೆನಿಗೆ ನಗಬೇಕೆನಿಸಿತು, ಒಲೆಯ ಸಲಾಕೆ ಎತ್ತಿ ಯಾರಿಗಾದರೂ ಬಾರಿಸಬೇಕೆನಿಸಿತು. ಸಾಯುವ ತನಕ ಪಕ್ಕದಲ್ಲಿ ಮಲಗಿದವನು ತನಗೂ ಹೇಳಿರಲಿಲ್ಲ. ಅದಕ್ಕಿಂತ ಹೆಚ್ಚು ಉರಿಸಿದ್ದು ಬೇರೆ. ನೂರ ಮೂವತ್ತೊಂದು ಹೆಜ್ಜೆಯ ತನಕ, ಹಿಂಡಿನ ಕಣ್ಣು, ಮೂಗು, ಕಿವಿಗಳನ್ನೆಲ್ಲ ತಪ್ಪಿಸಿ ಎಲ್ಕ್ ಹತ್ತಿರ ಹೋಗಬಲ್ಲವನು ಆ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಅಂಥದ್ದನ್ನು ನಾಚಿಕೆಯೆಂದು ಬಚ್ಚಿಟ್ಟು, ಮಾಡದೇ ಇದ್ದದ್ದಕ್ಕೆ ಹೆಗಲೇರಿದ್ದ ಮೂರ್ಖ!

"ತಗಡು ಇಳಿಸು," ಎಂದಳು.

"ಇಸೆಬಾ, ನನ್ನ ಕ್ಯಾಂಪಿನ ಹೆಸರೇ ಅದು!" ಪೆಲ್ಲೋನ ದನಿ ಏರಿತು. "ಜನ ಅದನ್ನೇ ನೋಡ್ಕೊಂಡು ಬರೋದು. ನನ್ನ ಹೊಟ್ಟೆ ಮೇಲೆ ಹೊಡೀತೀಯಾ?"

"ಹೋದ ವರ್ಷ ನಿನ್ನ ಗಿರಾಕಿಗಳು ಆ ಬಂಡೆ ಮೇಲಿಂದ ಇದೇ ತಾಮ್ರ ಹೊಡೆದು ಎಷ್ಟು ಎಲ್ಕ್ ಗಾಯ ಮಾಡಿ ಕಳ್ಕೊಂಡ್ರು? ನನ್ನ ಮುಖ ನೋಡಿ ಹೇಳು."

ಪೆಲ್ಲೋ ಮುಖ ನೋಡಲಿಲ್ಲ. "ಮೂರು," ಎಂದ.

ರಸ್ ಗಲ್ಲಾದ ಮೇಲೆ ಎರಡೂ ಕೈ ಊರಿದ. ಅವನಿಗೂ ರೋಷ ಬಂದಿತ್ತು. "ಸರಿ ಮೇಡಂ. ಬಾಯಲ್ಲಿ ಯಾರು ಬೇಕಾದ್ರೂ ಹೊಡೀಬಹುದು. ನೀವು ಆರಿಸಿದ ಆ ಗುಂಪು ಕೂರದ ಗುಂಡಲ್ಲೇ, ಆ ಗಿಡ್ಡ ಕೋವೀಲೇ, ಒಂದೇ ಈಡಿಗೆ ಎಲ್ಕ್ ಕೆಡವಿ. ಅದರ ಮೈಯಿಂದ ಗುಂಡು ತಂದು ಇಲ್ಲಿಡಿ. ಆಗ ನಾನೇ ಕೈಯಾರೆ ತಗಡು ಬಿಚ್ತೀನಿ. ತಪ್ಪಿದ್ರೆ ಈ ಮಾತು ಈ ಅಂಗಡಿ ಬಾಗಿಲು ದಾಟಬಾರದು. ಒಪ್ಪಿಗೇನಾ?"

"ಸ್ಕ್ರೂಡ್ರೈವರ್ ಹುಡುಕಿಟ್ಕೋ," ಎಂದಳು ಮೆನಿ.

ಬೇಟೆಯ ಮೊದಲ ಎರಡು ದಿನ ಮಂಜು ಬಿಟ್ಟರೆ ಬೇರೇನೂ ಕಾಣಲಿಲ್ಲ. ಮೂರನೆಯ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಬಂಡೆಯ ಮೇಲೆ ಮೆನಿ ಮಲಗಿದ್ದಳು, ಪಕ್ಕದಲ್ಲಿ ಪೆಲ್ಲೋ, ಇಬ್ಬರ ತಲೆಯ ಮೇಲೂ ಕಿತ್ತಳೆ ಟೋಪಿ. ಪೆಲ್ಲೋ ಮೂರು ದಿನದಿಂದ ಸರಿಯಾಗಿ ಮಾತಾಡಿರಲಿಲ್ಲ. ಆದರೂ ಕುದುರೆ ತಂದಿದ್ದ, ಆಕೆಗೆಂದು ದಪ್ಪ ಹಾಸು ತಂದಿದ್ದ, ಕಬ್ಬಿಣದ ಪಾತ್ರೆಯಲ್ಲಿ ತಾನೇ ಬೇಯಿಸಿದ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದಿದ್ದ. ಸಿಟ್ಟಿದ್ದರೂ ಎಚೆಪಾರ್ ಮನೆಯವರು ಊಟ ತಪ್ಪಿಸುವುದಿಲ್ಲ.

ಬಿಸಿಲು ಎದುರಿನ ಹುಲ್ಲುಹಾಸಿಗೆ ಇಳಿದಾಗ ಹಿಂಡು ಬಂತು. ಏಳು ಹೆಣ್ಣು, ಅವುಗಳ ಹಿಂದೆ ಕೊಂಬು ಹೊತ್ತು ನಿಧಾನವಾಗಿ ಒಂದು ಗಂಡು. ಪೆಲ್ಲೋ ಕೊಂಬಿನ ಕವಲು ಎಣಿಸಿದ. ದೂರ ಅಳೆಯುವ ಯಂತ್ರ ಕಣ್ಣಿಗಿಟ್ಟ.

"ನಾನೂರ ಹದಿನೆಂಟು. ಅಡ್ಡಡ್ಡ ನಿಂತಿದೆ. ಹೊಡಿ."

ಮೆನಿ ಕೋವಿಯ ದುರ್ಬೀನಿನಲ್ಲಿ ಎಲ್ಕ್‌ನ ಭುಜದ ಹಿಂದಿನ ಮಡಿಕೆಯನ್ನು ನೋಡಿದಳು. ಗುರಿಯ ಅಡ್ಡಗೆರೆ ಅಲ್ಲೇ ನಿಂತಿತ್ತು. ಬೆರಳು ಟ್ರಿಗರ್ ಮುಟ್ಟಿತ್ತು. ಹದಿನೇಳು ವರ್ಷ.

"ಮುನ್ನೂರ ಎಂಬತ್ತು," ಎಂದಳು.

"ಏನು?"

"ನಾನೂರ ಮೇಲೆ ಐದಕ್ಕೊಂದು ಹೊರಗೆ ಹೋಗುತ್ತೆ."

"ನಾಲ್ಕು ಒಳಗೆ ಬೀಳುತ್ತಲ್ಲ! ಬರೀ ನಲವತ್ತು ಗಜ ಇಸೆಬಾ! ನಲವತ್ತು ಗಜಕ್ಕೆ ಯಾರಾದ್ರೂ..."

"ಆ ಐದನೇದು ಎಲ್ಕ್ ಹೊಟ್ಟೆಗೆ ಬೀಳುತ್ತೆ. ನಿನ್ನ ಹೊಟ್ಟೆಗಲ್ಲ. ಆ ಕೊರಕಲು ಎಲ್ಲಿ?"

ಪೆಲ್ಲೋಗೆ ತಾನು ಕೇಳಿದ್ದು ಸರಿಯೇ ಎಂಬ ಅನುಮಾನ. ಅಷ್ಟರಲ್ಲಿ ಆಕೆ ಹಿಂದಕ್ಕೆ ಜರುಗಿ ಬಂಡೆಯಿಂದ ಇಳಿದಾಗಿತ್ತು. ಬಂಡೆಯ ಎಡಕ್ಕೆ, ಜೂನಿಪರ್ ಪೊದೆಗಳ ನಡುವೆ ಮಳೆನೀರು ಕೊರೆದ ಓಣಿ, ಕಡಿದಾಗಿ ಕೆಳಗೆ ಹೋಗುತ್ತಿತ್ತು. ಹೊಟ್ಟೆಯ ಮೇಲೆ ತೆವಳಲು ಉಕ್ಕಿನ ಕೀಲು ಬಿಡಲಿಲ್ಲ. ಮೆನಿ ಕೋವಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಕುಂಡೆಯ ಮೇಲೆ ಕೂತು, ಹಿಮ್ಮಡಿ ಊರಿ ಒಂದೊಂದು ಗೇಣು ಜಾರತೊಡಗಿದಳು. ಕಲ್ಲುಗಳು ಪ್ಯಾಂಟು ಹರಿದವು. ಒಂದು ಕಡೆ ಸೊಂಟ ಕಟಕ್ ಎಂದಿತು, ಆಕೆ ಟೋಪಿ ಕಚ್ಚಿಕೊಂಡಳು. ಹಿಂದೆ ಪೆಲ್ಲೋ, ಯಂತ್ರ ಹಿಡಿದು, ಹೊಟ್ಟೆಯ ಮೇಲೆ.

"ನಾನೂರ ಆರು," ಎಂದು ಪಿಸುಗುಟ್ಟಿದ.

ಮತ್ತೆ ಜಾರಿದಳು.

"ಮುನ್ನೂರ ತೊಂಬತ್ತೇಳು. ಸಾಕು ಇಸೆಬಾ. ಹೊರಟುಹೋಗುತ್ತೆ."

"ಹೋದ್ರೆ ಹೋಗ್ಲಿ. ಬಾಯಿ ಮುಚ್ಚು."

ಒಂದು ಹೆಣ್ಣು ಎಲ್ಕ್ ತಲೆ ಎತ್ತಿತು. ಎರಡು ಕಿವಿಗಳೂ ಕೊರಕಲಿನತ್ತ ತಿರುಗಿದವು. ಮೆನಿ ಕೂತ ಹಾಗೇ ಕಲ್ಲಾದಳು, ಒಂದು ಕಾಲು ಗಾಳಿಯಲ್ಲಿ, ಮುಳ್ಳು ಅಂಗೈಯೊಳಗೆ. ಇರುವೆ ಇರಲಿಲ್ಲ, ಚಳಿ ಇತ್ತು. ಎತ್ತಿದ ಕಾಲು ನಡುಗಲು ಶುರುವಾಯಿತು. ಹಾಳಾದವನೇ, ಅರ್ಧ ಗಂಟೆ ಹೇಗಿದ್ದೆಯೋ, ಎಂದು ಗಂಡನನ್ನು ಮನಸ್ಸಿನಲ್ಲೇ ಬೈದಳು. ಈ ಒಂಬತ್ತು ವರ್ಷದಲ್ಲಿ ಅಷ್ಟು ಪ್ರೀತಿಯಿಂದ ಬೈದಿರಲಿಲ್ಲ. ಹೆಣ್ಣು ಎಲ್ಕ್ ಕೊನೆಗೆ ಕಿವಿ ಕೊಡವಿ ಹುಲ್ಲಿಗೆ ಬಾಯಿ ಹಾಕಿತು.

ಕೊರಕಲು ತಿರುಗುವಲ್ಲಿ ಒಂದು ಚಪ್ಪಟೆ ಕಲ್ಲು ಸಿಕ್ಕಿತು. ಮುಂದೆ ನೇರ ಇಳಿಜಾರು, ಕುಂಡೆಗೂ ಆಗದು. ಅಲ್ಲಿಂದಾಚೆ ಮಾರ್ಟಿನ್ ಹೋಗಿದ್ದ. ಮೆನಿಯ ದಾರಿ ಅಲ್ಲಿಗೆ ಮುಗಿಯಿತು.

"ಎಷ್ಟು?"

"ಮುನ್ನೂರ ಎಪ್ಪತ್ತನಾಲ್ಕು." ಪೆಲ್ಲೋನ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ.

ಆಕೆ ಜಾಕೆಟ್ ಸುತ್ತಿ ಕಲ್ಲಿನ ಮೇಲಿಟ್ಟು ಕೋವಿ ಒರಗಿಸಿದಳು. ಗಂಡು ಎಲ್ಕ್ ಬೆನ್ನು ತಿರುಗಿಸಿ ನಿಂತಿತ್ತು. ಕಾದಳು. ಅದು ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು, ಅಡ್ಡವಾಯಿತು. ಮೆನಿ ಉಸಿರನ್ನು ಅರ್ಧ ಬಿಟ್ಟಳು.

ಸದ್ದು ಕಣಿವೆಯಲ್ಲಿ ಎರಡು ಸಲ ಹೊರಳಿತು. ಎಲ್ಕ್ ಬೆನ್ನು ಗೂನು ಮಾಡಿತು. ಎಂಟೋ ಹತ್ತೋ ಹೆಜ್ಜೆ ಇಟ್ಟು, ಏನೋ ಮರೆತವರ ಹಾಗೆ ನಿಂತು, ಮುಂಗಾಲು ಮಡಿಸಿ ಬಿತ್ತು. ಮತ್ತೆ ಏಳಲಿಲ್ಲ.

ಪೆಲ್ಲೋ ಎದ್ದು ಕೂಗಿದ ಕೂಗಿಗೆ ಮೇಲೆ ಕುದುರೆಗಳು ಹಗ್ಗ ಜಗ್ಗಿದವು. ಅವನು ಕೆಳಗೆ ಓಡಲು ಹೊರಟ.

"ಎಲ್ಲಿಗೋ? ಮೊದ್ಲು ನನ್ನ ಮೇಲಕ್ಕೆ ಎಳಿ," ಎಂದಳು ಮೆನಿ. "ಅದು ಸತ್ತಿದೆ, ಎಲ್ಲೂ ಹೋಗಲ್ಲ. ನಾನು ಇನ್ನೂ ಸತ್ತಿಲ್ಲ."

ಗುಂಡು ಪಕ್ಕೆಲುಬು ಹೊಕ್ಕು, ಎರಡೂ ಶ್ವಾಸಕೋಶ ದಾಟಿ, ಆಚೆ ಬದಿಯ ಚರ್ಮದ ಕೆಳಗೆ ಉಬ್ಬಿಕೊಂಡಿತ್ತು. ಪೆಲ್ಲೋ ಚಾಕುವಿನ ತುದಿಯಿಂದ ಸೀಳಿದಾಗ ಅವನ ಅಂಗೈಗೆ ಬಿತ್ತು. ಹೆಬ್ಬೆರಳ ತುದಿಯಷ್ಟು ಅರಳಿದ, ಒಂದು ಬದಿ ಜಜ್ಜಿದ, ನೋಡಲು ಯಾವ ಚಂದವೂ ಇಲ್ಲದ ಸೀಸದ ಮುದ್ದೆ. ಅದನ್ನು ಅವನು ಒರೆಸಿ ಅಂಗಿಯ ಜೇಬಿಗೆ ಇಳಿಸಿದ.

ಬುಧವಾರ ಅಂಗಡಿಯಲ್ಲಿ ಜಾಗ ಇರಲಿಲ್ಲ. ಈ ಮಾತು ಬಾಗಿಲು ದಾಟಬಾರದು ಎಂದು ರಸ್ ಹೇಳಿದ್ದ ದಿನವೇ ಅದು ದಾಟಿ ಹೋಗಿತ್ತು. ದಾಟಿಸಿದವನು ಆರ್ವಿಲ್. ಮೂವತ್ತು ವರ್ಷ ಮುಚ್ಚಿಟ್ಟ ಬಾಯಿ, ತೆರೆದ ಮೇಲೆ ನಿಲ್ಲಲಿಲ್ಲ. ಮೆನಿ ಕೋಲು ಊರಿಕೊಂಡು ಬಂದು ಸೀಸದ ಮುದ್ದೆಯನ್ನು ಗಲ್ಲಾದ ಮೇಲಿಟ್ಟಳು. ರಸ್ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. ಸ್ಟೂಲು ಎಳೆದು ಹತ್ತಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ನಾಲ್ಕು ಸ್ಕ್ರೂಗಳಲ್ಲಿ ಮೂರು ಸುಲಭವಾಗಿ ಬಂದವು. ನಾಲ್ಕನೆಯದಕ್ಕೆ ಬೆವರಿದ.

"ನಾಚಿಕೆ ಆಗಲ್ವಾ ಮೆನಿ?" ಹಿಂದಿನಿಂದ ದನದವರಲ್ಲೊಬ್ಬ ಕೇಳಿದ. "ಸ್ವಂತ ಗಂಡನ ಹೆಸರು ಗೋಡೆಯಿಂದ ಕಿತ್ತು ಹಾಕ್ತಿದ್ದೀಯಲ್ಲ."

ಮೆನಿ ತಿರುಗಿದಳು. "ಯಾರು ಕಿತ್ತು ಹಾಕ್ತಿರೋದು? ರಸ್, ಅದರ ಬೆನ್ನಿನ ಮೇಲೆ ಕೊರೆಸು. ನಾನು ಹೇಳ್ತೀನಿ, ಬರ್ಕೋ. ಮಾರ್ಟಿನ್ ಎಚೆಪಾರ್. ನೂರ ಮೂವತ್ತೊಂದು ಹೆಜ್ಜೆ. ತೆವಳಿಕೊಂಡು."

"ತೆವಳಿಕೊಂಡು ಅನ್ನೋದೂ ಬೇಕಾ?"

"ಅದನ್ನೇ ದಪ್ಪ ಅಕ್ಷರದಲ್ಲಿ ಹಾಕು. ಎಲ್ಲಕ್ಕಿಂತ ಮೇಲೆ. ಇವರಲ್ಲಿ ಯಾರಾದ್ರೂ ನೂರ ಮೂವತ್ತರ ತನಕ ತೆವಳಿ ತೋರಿಸಿದ್ರೆ ಆಗ ಕೆಳಗಿಳಿಸು."

ದನದವನು ಟೋಪಿ ಸರಿಮಾಡಿಕೊಂಡ. ಯಾರೂ ಮುಂದೆ ಬರಲಿಲ್ಲ.

"ನಿಮ್ಮದು?" ರಸ್ ಕೇಳಿದ. "ಮುನ್ನೂರ ಎಪ್ಪತ್ತನಾಲ್ಕು ಎಲ್ಲಿ ಹಾಕಲಿ ಮೇಡಂ?"

"ನನ್ನದು ಹಲಗೆಗೆ ಬೇಡ. ಗುಂಡಿನ ಕಪಾಟಿನ ಮೇಲೆ ಚೀಟಿ ಅಂಟಿಸು. ಕೊಳ್ಳೋರು ಮೊದ್ಲು ತಮ್ಮ ನಳಿಗೆ ಅಳೆದು ಬರಲಿ ಅಂತ."

ಪೆಲ್ಲೋ ಬಾಗಿಲ ಹತ್ತಿರ ನಿಂತಿದ್ದ. ಗಾಡಿಯ ಹಿಂಬದಿಯಲ್ಲಿ ಅವನ ಬಿಡಾರದ ಫಲಕ ಕವುಚಿ ಬಿದ್ದಿತ್ತು, ಬೆಳಿಗ್ಗೆಯೇ ಕಂಬದಿಂದ ಇಳಿಸಿ ತಂದಿದ್ದ. ಹೊಸ ಹೆಸರಿಗೆ ಬಣ್ಣದ ಡಬ್ಬಿ ಕೊಳ್ಳಬೇಕಿತ್ತು. ಯಾವ ಹೆಸರು ಎಂಬುದು ತೀರ್ಮಾನವಾಗಿರಲಿಲ್ಲ.

"ಒನ್-ತರ್ಟಿ-ಒನ್ ಕ್ಯಾಂಪ್ ಅಂತ ಬರೆದ್ರೆ ಯಾರು ಬರ್ತಾರೆ ಇಸೆಬಾ?" ಎಂದ, ಅರ್ಧ ಅಳು, ಅರ್ಧ ನಗು.

"ತೆವಳೋಕೆ ತಯಾರಿರೋರು ಬರ್ತಾರೆ," ಎಂದಳು ಮೆನಿ. "ಮಿಕ್ಕವರು ನಮಗೆ ಬೇಡ. ನಡಿ, ಎಲ್ಕ್ ಮಾಂಸ ಕತ್ತರಿಸೋದು ಬಾಕಿ ಇದೆ."